ಕೈ ಕೊಟ್ಟವರು

ನವೆಂಬರ್ 12

ಇದನ್ನು ಬರೆಯುವುದಕ್ಕೆ ಕಾರಣವಿದೆ. ತಲೆಯಲ್ಲೇ ಇಟ್ಟುಕೊಂಡರೆ ಬಾಯಿಗೆ ಬಂದುಬಿಡುತ್ತದೆ. ಬಾಯಿಗೆ ಬಂದರೆ ಅಕ್ಕನ ಕಿವಿಗೆ ಬೀಳುತ್ತದೆ. ಪೂರ್ತಿ ಗೊತ್ತಾಗುವವರೆಗೆ ಅಕ್ಕನ ಕಿವಿಗೆ ಬೀಳಬಾರದು.

ನನಗೆ ಭಾವನ ಮೇಲೆ ಅನುಮಾನ.

ಶಾಲೆ ಬಿಟ್ಟ ಮೇಲೆ ನಾನು ಅವರ ಜೊತೆಗೇ ಕೆಲಸಕ್ಕೆ ಹೋಗುತ್ತಿದ್ದೇನೆ. ಮನೆಗಳ ಹೀಟ್ ಪಂಪ್ ರಿಪೇರಿ. ಮನೆ ಹೊರಗೆ ಫ್ಯಾನಿನ ಪೆಟ್ಟಿಗೆ, ಒಳಗೆ ಗೋಡೆಯ ಮೇಲೆ ಇನ್ನೊಂದು ಪೆಟ್ಟಿಗೆ, ನಡುವೆ ಎರಡು ತಾಮ್ರದ ಪೈಪು, ಪೈಪಿನೊಳಗೆ ಗ್ಯಾಸು. ಬೇಸಿಗೆಯಲ್ಲಿ ಮನೆಯ ಬಿಸಿಯನ್ನು ಹೊರಗೆ ಎಸೆಯುವ ಯಂತ್ರ ಚಳಿಗಾಲದಲ್ಲಿ ಉಲ್ಟಾ ಓಡುತ್ತದೆ, ಹೊರಗಿನ ಚಳಿಯೊಳಗಿಂದಲೇ ಬಿಸಿಯನ್ನು ಹೆಕ್ಕಿ ಒಳಗೆ ತರುತ್ತದೆ. ಮೊದಲು ಕೇಳಿದಾಗ ಇದು ಸುಳ್ಳು ಅಂದಿದ್ದೆ. ದಪ್ಪ ಪೈಪು ಮುಟ್ಟಿ ಕೈ ಸುಟ್ಟುಕೊಂಡ ಮೇಲೆ ನಂಬಿದೆ.

ಇವತ್ತು ಟೈಲರಮ್ಮನ ಮನೆಯಲ್ಲಿ ಪೈಪಿನ ಒಂದು ಜೋಡಣೆ ಹಳೆಯದಾಗಿ ಸೋರುತ್ತಿತ್ತು. ಭಾವ ಅದನ್ನು ಕತ್ತರಿಸಿ, ಬಾಯಿ ಅಗಲಿಸಿ, ಹೊಸ ನಟ್ಟು ಹಾಕಿದರು. ಎಲ್ಲ ನನ್ನ ಕಣ್ಣೆದುರೇ. ಆದರೆ ಕೊನೆಯ ಬಿಗಿತಕ್ಕೆ ಬಂದಾಗ, "ಹೋಗಿ ವ್ಯಾನಿಂದ ಟೇಪ್ ತಗೊಂಡು ಬಾ" ಅಂದರು. ತಂದುಕೊಟ್ಟೆ. ಟೇಪನ್ನು ಅವರು ಮುಟ್ಟಲಿಲ್ಲ. ಹೋದ ವಾರ ನರ್ಸಮ್ಮನ ಮನೆಯಲ್ಲೂ ಹೀಗೇ ಆಯಿತು, ಆಗ ಟಾರ್ಚ್, ಅದೂ ಮಟಮಟ ಮಧ್ಯಾಹ್ನ. ಕೊನೆಯ ನಟ್ಟು ಬಿಗಿಯುವಾಗ ನಾನು ಅಲ್ಲಿರಬಾರದು. ಯಾಕೆ?

ಇನ್ನೊಂದು. ಕಾರಣವಿಲ್ಲದೆ ಗೇಜು ಸಿಕ್ಕಿಸಬೇಡ ಅನ್ನುತ್ತಾರೆ. ಗ್ಯಾಸಿನ ಒತ್ತಡ ತೋರಿಸುವುದೇ ಗೇಜು. ನೋಡಿದರೆ ತಾನೇ ಗೊತ್ತಾಗುವುದು? ನೋಡಬೇಡ ಅನ್ನುವವರನ್ನು ನಾನು ಮೊದಲಿನಿಂದಲೂ ನಂಬುವುದಿಲ್ಲ. ಶಾಲೆಯಲ್ಲೂ ಪ್ರಯೋಗಾಲಯದ ಕಪಾಟು ಮುಟ್ಟಬೇಡಿ ಅನ್ನುತ್ತಿದ್ದರು. ಮುಟ್ಟಿ ನೋಡಿದೆ, ಸೀಸೆಗಳಲ್ಲಿ ಬರೀ ಬಣ್ಣದ ನೀರಿತ್ತು. ತಪಾಸಣೆಗೆ ಬಂದವರ ಮುಂದೆ ಹಾಗೇ ಹೇಳಿದೆ. ಆಮೇಲೆ ನಾನು ಶಾಲೆ ಬಿಟ್ಟೆನೋ, ಶಾಲೆಯೇ ನನ್ನನ್ನು ಬಿಟ್ಟಿತೋ, ಇಬ್ಬರಿಗೂ ಸಮಾಧಾನವಾಯಿತು.

ಭಾವ ನನ್ನನ್ನು ಇನ್‌ಸ್ಪೆಕ್ಟರಮ್ಮ ಅಂತ ಕರೆಯುವುದು ಆಗಿನಿಂದ.

ನವೆಂಬರ್ 17

ಭಾನುವಾರ. "ಕಟಿಂಗ್ ಮಾಡಿಸ್ಕೊಂಡು ಬರ್ತೀನಿ" ಅಂತ ಭಾವ ಹೋದರು. ಮಧ್ಯಾಹ್ನ ವಾಪಸ್ ಬಂದಾಗ ಕೂದಲು ಹೋಗುವಾಗ ಇದ್ದ ಹಾಗೇ ಇತ್ತು. ತೋಳಿನ ಮೇಲೆ ಒಣಗಿದ ಸೋಪಿನ ನೊರೆ. ಸೋರಿಕೆ ಹುಡುಕಲು ನಾವು ಪೈಪಿಗೆ ಹಚ್ಚುವ ನೊರೆ ಅದು, ಕ್ಷೌರದ ನೊರೆಗೆ ಆ ವಾಸನೆ ಇರುವುದಿಲ್ಲ.

"ಅಂಗಡಿ ಮುಚ್ಚಿತ್ತು" ಅಂದರು, ನಾನು ಕೇಳುವ ಮೊದಲೇ.

ಊಟಕ್ಕೆ ಕೂರುವ ಮುಂಚೆ ಅಂಗಡಿಯ ಮುಂದೆ ನಡೆದು ನೋಡಿಬಂದೆ. ತೆರೆದಿತ್ತು. ಒಳಗೆ ಒಬ್ಬ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದ.

ನವೆಂಬರ್ 20

ಬೆಳಿಗ್ಗೆ ಅಕ್ಕ ಭಾವನ ಶರ್ಟಿನ ಗುಂಡಿ ಹಾಕುತ್ತಿದ್ದಳು. ತೋಳಿನ ಗುಂಡಿಯನ್ನೂ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಷ್ಟೊಂದು ಪ್ರೀತಿ ಎಲ್ಲಿಂದ ಬಂತು? ನನ್ನನ್ನು ಕಂಡು ಇಬ್ಬರೂ ದೂರ ಸರಿದರು.

ಸಂಜೆ ಭಾವ ಹಿತ್ತಿಲಲ್ಲಿ ಯಾರ ಜೊತೆಗೋ ಫೋನಿನಲ್ಲಿದ್ದರು. ಕೇಳಿಸಿಕೊಳ್ಳಬೇಕು ಅಂತಲೇ ಕಿಟಕಿ ಹತ್ತಿರ ನಿಂತೆ, ಅದನ್ನು ಮುಚ್ಚಿಡುವುದಿಲ್ಲ.

"ಕೈ ಕೊಡೋದಂತೂ ಗ್ಯಾರಂಟಿ ಕಣೋ. ಇವತ್ತಲ್ಲ ನಾಳೆ. ಅವಳಿಗೆ ಮಾತ್ರ ಈಗಲೇ ಗೊತ್ತಾಗಬಾರದು."

ಇಷ್ಟು ಸಾಕು. ಕೆಲಸ ಮುಗಿಸುವ ನೆಪದಲ್ಲಿ ನಟ್ಟು ಸಡಿಲ ಬಿಡುವುದು, ಭಾನುವಾರ ಕದ್ದು ಹೋಗಿ ಇನ್ನಷ್ಟು ಸಡಿಲಿಸುವುದು, ಗ್ಯಾಸು ಹೋಯಿತು ಅಂತ ಅವರು ಮತ್ತೆ ಕರೆದಾಗ ಮತ್ತೆ ತುಂಬುವುದು. ಹಾಗೆ ಕೂಡಿಸಿಕೊಂಡು ಒಂದು ದಿನ ಅಕ್ಕನಿಗೆ ಕೈ ಕೊಟ್ಟು ಹೊರಟುಬಿಡುವುದು. ಅಕ್ಕ ಒಳಗೆ ಅವರದೇ ಕಾಲುಚೀಲ ಮಡಚುತ್ತಿದ್ದಳು.

ಅವರು ಕಳ್ಳ ಅಂತ ರುಜುವಾದರೆ ನಾನು ಅಕ್ಕನಿಗೆ ಹೇಳಲೇಬೇಕು. ಹೇಳಿದರೆ ಈ ಮನೆ ಉಳಿಯುವುದಿಲ್ಲ. ಹೇಳದಿದ್ದರೆ ನಾನು ಉಳಿಯುವುದಿಲ್ಲ. ಅದಕ್ಕೇ, ಮೊದಲು ರುಜುವಾಗಲಿ.

ನವೆಂಬರ್ 23

ಹಳೆಯ ಗೇಜನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಟೈಲರಮ್ಮನ ಮನೆಗೆ ಹೋದೆ. ಟೈಲರಮ್ಮ ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ, ಒಂದೂ ಬೀಳುವುದಿಲ್ಲ.

"ಏನಮ್ಮ, ನಾನು ಕರೀಲಿಲ್ವಲ್ಲ?"

"ಭಾವ ಮಾಡಿದ ಕೆಲಸ ಸರಿಯಾಗಿದ್ಯಾ ಅಂತ ನೋಡೋಕೆ ಬಂದೆ."

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಅವರು ನನ್ನನ್ನು ಕೆಳಗಿಂದ ಮೇಲೆ ನೋಡಿ, ಅಳತೆ ತೆಗೆದುಕೊಂಡ ಹಾಗೆ, "ನೋಡು ನೋಡು" ಅಂದರು.

ಯಂತ್ರ ಜೋರಾಗಿ ಓಡುತ್ತಿತ್ತು. ದಪ್ಪ ಪೈಪು ಮುಟ್ಟಲಾಗದಷ್ಟು ಬಿಸಿ. ವಾಲ್ವಿನ ಮೇಲಿನ ಹಿತ್ತಾಳೆ ಮುಚ್ಚಳ ತೆಗೆದೆ. ಅದರೊಳಗೆ ಸೈಕಲ್ ಟೈರಿಗೆ ಇರುವಂಥ ಒಂದು ಪಿನ್ನು. ಗೇಜಿನ ರಬ್ಬರ್ ಪೈಪು ಸಿಕ್ಕಿಸಿದರೆ ಅದು ಪಿನ್ನನ್ನು ಒಳಗೆ ತಳ್ಳುತ್ತದೆ, ಮುಳ್ಳು ಮೇಲೇಳುತ್ತದೆ. ಮುಳ್ಳು ಇರಬೇಕಾದಲ್ಲೇ ಇತ್ತು. ಪೈಪು ಬಿಚ್ಚಿದಾಗ ಫಸ್ ಅಂತ ಸದ್ದಾಯಿತು, ಯಾವಾಗಲೂ ಆಗುವುದೇ. ಮುಚ್ಚಳವನ್ನು ಬೆರಳಲ್ಲೇ ತಿರುಗಿಸಿ ಹಾಕಿದೆ. ಭಾವ ಇದಕ್ಕೂ ಸ್ಪ್ಯಾನರ್ ಹಿಡಿದು ಒಂದು ಚೂರು ತಿರುವುತ್ತಾರೆ. ಧೂಳು ಹೋಗದಿರಲು ಹಾಕುವ ಮುಚ್ಚಳಕ್ಕೆ ಅಷ್ಟೆಲ್ಲ ಯಾಕೆ?

ಅಲ್ಲಿಂದ ನರ್ಸಮ್ಮನ ಮನೆಗೂ ಹೋದೆ. ಅಲ್ಲೂ ಸರಿಯಿತ್ತು. ಇನ್ನು ಮುಳ್ಳು ಇಳಿದರೆ ಯಾರು ಇಳಿಸಿದರು ಅಂತ ಗೊತ್ತಾಗುತ್ತದೆ.

ನವೆಂಬರ್ 28

ಇಳಿದಿದೆ. ಎರಡೂ ಮನೆಯಲ್ಲಿ.

ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಹಾಳೆಯಷ್ಟು ತೆಳ್ಳಗೆ ಮಂಜು ಕಟ್ಟಿತ್ತು. ಅಂಥ ಚಳಿಯಲ್ಲೂ ಹೋಗಿ ನೋಡಿದೆ. ರುಜುವಾತಿಗೆ ಒಂದು ಸಲ ಸಾಲದು ಅಂತ ಟೈಲರಮ್ಮನ ಮನೆಯಲ್ಲಿ ಬಿಚ್ಚಿ ಮತ್ತೆ ಸಿಕ್ಕಿಸಿ ನೋಡಿದೆ. ಫಸ್, ಫಸ್.

ಊಟದ ಹೊತ್ತಿಗೆ ಭಾವ, "ಏನ್ ಇನ್‌ಸ್ಪೆಕ್ಟರಮ್ಮ, ಯಾರನ್ನ ಹಿಡಿದ್ರಿ ಇವತ್ತು?" ಅಂದರು. ಗೊತ್ತಾಗಿದೆಯೋ ಏನೋ.

ಡಿಸೆಂಬರ್ 2

ನಾನು ಕಾಯುತ್ತಿದ್ದ ಫೋನು ಬಂತು. ಟೈಲರಮ್ಮನ ಮನೆ ಬಿಸಿಯಾಗುತ್ತಿಲ್ಲ. ಹೋಗುವಷ್ಟರಲ್ಲಿ ಹೊರಗಿನ ಪೆಟ್ಟಿಗೆ ಬೆನ್ನ ತುಂಬ ಮಂಜುಗಟ್ಟಿಕೊಂಡು ನಿಂತಿತ್ತು.

ಭಾವ ಅದನ್ನು ನೋಡಿ ಮಂಡಿಯೂರಿ, ತಾವು ಬಿಗಿದ ಆ ನಟ್ಟಿಗೆ ನೊರೆ ಹಚ್ಚಿದರು. ಗುಳ್ಳೆ ಬರಲಿಲ್ಲ. ಒರೆಸಿ ಮತ್ತೆ ಹಚ್ಚಿದರು. ಕನ್ನಡಿ ಹಿಡಿದು ಹಿಂದಿನಿಂದ ನೋಡಿದರು. ಬೇರೆ ಎಲ್ಲೂ ನೋಡಲೇ ಇಲ್ಲ, ಅದೊಂದೇ ನಟ್ಟನ್ನು ಮಗುವಿನ ಮುಖ ತೊಳೆದ ಹಾಗೆ ತೊಳೆದು ತೊಳೆದು ನೋಡಿದರು. ಎಂಥ ನಟನೆ. ಹಣೆಯ ಮೇಲೆ ಬೆವರು ಬೇರೆ, ಈ ಚಳಿಯಲ್ಲಿ.

"ಗೇಜು ಹಾಕು" ಅಂದರು. ಮುಚ್ಚಳ ತೆಗೆದು ಸಿಕ್ಕಿಸಿದೆ. ಗ್ಯಾಸು ಅರ್ಧಕ್ಕೆ ಇಳಿದಿತ್ತು. ತುಂಬಿದೆವು. ಮುಚ್ಚಳ ನಾನೇ ಹಾಕಿದೆ.

ಟೈಲರಮ್ಮ ಸೂಜಿಗಳ ನಡುವಿನಿಂದ, "ನಿಮ್ಮ ನಟ್ಟಿಗಿಂತ ನನ್ನ ಗುಂಡಿನೇ ವಾಸಿ ಕಣಪ್ಪ, ಬಟ್ಟೆ ಹರಿದ್ರೂ ಅದು ಬರಲ್ಲ" ಅಂದರು. ಭಾವ ನಗಲಿಲ್ಲ. ತಮಾಷೆಗೆ ತಿರುಗಿ ತಮಾಷೆ ಮಾಡದೆ ಬಿಟ್ಟದ್ದನ್ನು ನಾನು ಇದೇ ಮೊದಲು ನೋಡಿದ್ದು.

ನಾನು ವ್ಯಾನಿಗೆ ಸಾಮಾನು ತುಂಬುವಾಗ ಟೈಲರಮ್ಮ ಅವರ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ನನ್ನ ಕಡೆ ನೋಡಿದರು, ಮಾತು ನಿಲ್ಲಿಸಿದರು. ಹಾಗಾದರೆ ಟೈಲರಮ್ಮನೂ ಇದರಲ್ಲಿ ಪಾಲುದಾರಳಾ?

ಮನೆ ಹತ್ತಿರ ಬಂದ ಮೇಲೆ ಭಾವ, "ಚಳಿ ಜಾಸ್ತಿ ಆದ್ರೆ ಗ್ಯಾಸ್ ಇದ್ರೂ ಮುಳ್ಳು ಇಳಿಯುತ್ತೆ. ಬರೀ ಮುಳ್ಳು ನೋಡಿ ತೀರ್ಮಾನ ಮಾಡಬಾರದು. ನಿಂಗೆ ಹೇಳಿದ್ನಾ ಇದನ್ನ?" ಅಂದರು. ಹೇಳಿರಲಿಲ್ಲ. ಈಗ ಯಾಕೆ ಹೇಳಿದರು?

ಡಿಸೆಂಬರ್ 5

ನರ್ಸಮ್ಮನ ಮನೆಯದೂ ನಿಂತಿತು. ಅದೇ ಕಥೆ.

ಇವತ್ತು ಭಾವ ಹೊಸ ಸ್ಪ್ಯಾನರ್ ತಂದಿದ್ದರು. ಬೇಕಾದಷ್ಟು ಬಿಗಿಯಾದ ತಕ್ಷಣ ಟಕ್ ಅನ್ನುತ್ತದಂತೆ. "ಇದೆಲ್ಲ ಕೈ ಇಲ್ಲದವರಿಗೆ" ಅಂತ ನಗುತ್ತಿದ್ದವರು ಇವರೇ. ಇಷ್ಟು ವರ್ಷ ಕೈಯಂದಾಜಿನಲ್ಲೇ ಬಿಗಿದವರು. ಇವತ್ತು ಒಂದೇ ನಟ್ಟಿಗೆ ಟಕ್ ಅನ್ನಿಸಿ, ಮತ್ತೆ ಟಕ್ ಅನ್ನಿಸಿ, ಮತ್ತೊಮ್ಮೆ. ಯಾರಿಗೆ ಕೇಳಿಸಲಿ ಅಂತ?

ಅಕ್ಕ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. "ನಿಮ್ಮ ಭಾವನ ಮುಖ ನೋಡಿದ್ಯಾ?" ಅಂದಳು. ನೋಡುತ್ತಲೇ ಇದ್ದೇನೆ ಅಕ್ಕ, ಅದೇ ನನ್ನ ಕೆಲಸವಾಗಿದೆ. ಇದನ್ನು ಹೇಳಲಿಲ್ಲ.

ಡಿಸೆಂಬರ್ 8

ಉಪಾಯ ಹೊಳೆಯಿತು. ಅಕ್ಕನ ನೇಲ್ ಪಾಲಿಶ್.

ಮುಚ್ಚಳ, ನಟ್ಟು, ವಾಲ್ವು ಎಲ್ಲದರ ಸೇರುವ ಗೆರೆಯ ಮೇಲೆ ಒಂದೊಂದು ಕೆಂಪು ಚುಕ್ಕೆ. ಯಾರಾದರೂ ಕೂದಲೆಳೆಯಷ್ಟು ತಿರುಗಿಸಿದರೂ ಬಣ್ಣ ಬಿರಿಯುತ್ತದೆ. ಎರಡೂ ಮನೆಗೆ ಹೋಗಿ ಹಾಕಿಬಂದೆ. ನಮ್ಮ ಮನೆಯ ಯಂತ್ರಕ್ಕೂ ಹಾಕಿದೆ. ಅದು ಭಾವ ಕೂರಿಸಿದಂದಿನಿಂದ ಯಾರೂ ಬಿಚ್ಚದ ಯಂತ್ರ. ಸ್ವಂತ ಮನೆಯ ಯಂತ್ರವನ್ನು ಯಾರೂ ಕೆಡಿಸುವುದಿಲ್ಲವಲ್ಲ. ಸೋರದ ಯಂತ್ರದ ಮುಳ್ಳು ಚಳಿಯಲ್ಲಿ ಎಷ್ಟು ಇಳಿಯುತ್ತದೆ ಅಂತ ಅದರಲ್ಲಿ ನೋಡಿಕೊಂಡರೆ, ಉಳಿದ ಎರಡರಲ್ಲಿ ಕದ್ದದ್ದು ಎಷ್ಟು ಅಂತ ಸಿಗುತ್ತದೆ. ಭಾವ ಚಳಿಯ ಮಾತು ಹೇಳಿ ತಾವೇ ಸಿಕ್ಕಿಬೀಳುತ್ತಾರೆ.

"ನನ್ನ ಪಾಲಿಶ್ ನೋಡಿದ್ಯೇನೇ?"

"ನನ್ನ ಹತ್ರ ಇದೆ."

"ನೀನು? ನೇಲ್ ಪಾಲಿಶ್?" ಅಕ್ಕ ನನ್ನ ಕೈ ಹಿಡಿದು ನೋಡಿದಳು. ಉಗುರಿನ ತುಂಬ ಗ್ರೀಸು. "ಯಾರೇ ಅವನು?" ಅಂತ ಕಣ್ಣು ಹೊಡೆದಳು.

"ಗೊತ್ತಾದ ಮೇಲೆ ಹೇಳ್ತೀನಿ" ಅಂದೆ. ಅದು ನಿಜವೇ ತಾನೆ.

ಡಿಸೆಂಬರ್ 9

ನಮ್ಮ ಮನೆ ಯಂತ್ರ ನೋಡಿದೆ. ಮುಳ್ಳು ಸರಿ. ಹೊಸ ಚುಕ್ಕೆ ಇಟ್ಟೆ.

ಡಿಸೆಂಬರ್ 10

ನೋಡಿದೆ. ಚೂರು ಇಳಿದಿದೆ. ಚಳಿ ಇರಬೇಕು.

ಡಿಸೆಂಬರ್ 12

ನಿನ್ನೆಯೂ ನೋಡಿದ್ದೆ, ಇವತ್ತೂ ನೋಡಿದೆ. ನಿನ್ನೆಗಿಂತ ಬಿಸಿಲಿದೆ, ಆದರೂ ಮುಳ್ಳು ಕೆಳಗೆ. ಚುಕ್ಕೆ ಬಿರಿದಿಲ್ಲ. ಅಕ್ಕ ಮನೆಯೊಳಗೇ ಶಾಲು ಹೊದ್ದು ಓಡಾಡುತ್ತಿದ್ದಾಳೆ, "ಯಾಕೋ ಥಂಡಿ" ಅನ್ನುತ್ತಾಳೆ.

ಚುಕ್ಕೆಯನ್ನು ಒಡೆಯದೆ ಬಿಚ್ಚುವುದು ಹೇಗೆ? ಭಾವನ ಹತ್ತಿರವೂ ನೇಲ್ ಪಾಲಿಶ್ ಇದೆಯಾ? ಇಲ್ಲ ಅಕ್ಕನೇ ಕೊಟ್ಟಳಾ?

ಅಕ್ಕನನ್ನೂ ಅನುಮಾನಿಸಿದೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಹಾಗೇ ಇರಲಿ.

ಡಿಸೆಂಬರ್ 14

ಇವತ್ತು ಬೆಳಿಗ್ಗೆ ಭಾವ ಮನೆಯಲ್ಲಿರಲಿಲ್ಲ. ನಮ್ಮ ಯಂತ್ರದ ಮುಂದೆ ಕೂತೆ. ಎಲ್ಲ ಚುಕ್ಕೆಗಳನ್ನೂ ಟಾರ್ಚ್ ಹಾಕಿ ನೋಡಿದೆ. ಭಾವ ಬಿಗಿದ ನಟ್ಟಿನ ಮೇಲಿನ ಚುಕ್ಕೆ ಎಂಟರಂದು ಇಟ್ಟದ್ದು, ಒಣಗಿ ಗಟ್ಟಿಯಾಗಿ ಹಾಗೇ ಇದೆ. ಇನ್ನೊಂದು ವಾಲ್ವಿನದೂ ಹಾಗೇ. ದಿನಾ ಹೊಸದಾಗಿ ಇಟ್ಟದ್ದು ಒಂದೇ ಚುಕ್ಕೆ, ಗೇಜಿನ ಮುಚ್ಚಳದ್ದು. ಅದನ್ನು ದಿನಾ ಒಡೆದದ್ದೂ ಒಬ್ಬಳೇ.

ಆಮೇಲೆ ಆ ಮುಚ್ಚಳಕ್ಕೆ ನೊರೆ ಹಚ್ಚಿದೆ. ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು, ಸಾಸಿವೆಯಷ್ಟು. ದೊಡ್ಡದಾಯಿತು, ಒಡೆಯಿತು, ಇನ್ನೊಂದು ಎದ್ದಿತು. ಮುಚ್ಚಳ ತೆಗೆದು ಪಿನ್ನಿನ ಬಾಯಿಗೇ ಹಚ್ಚಿದೆ. ಅಲ್ಲಿ ಗುಳ್ಳೆಗಳು ಸಾಲಾಗಿ ಬಂದವು. ದಿನಾ ತಳ್ಳಿಸಿಕೊಂಡು, ದಿನಾ ಅವಸರದಲ್ಲಿ ಬಿಡಿಸಿಕೊಂಡು ಪಿನ್ನು ತನ್ನ ಜಾಗಕ್ಕೆ ಸರಿಯಾಗಿ ಕೂರುತ್ತಿಲ್ಲ. ಪಿನ್ನು ಸೋತಾಗ ತಡೆಯಬೇಕಾದದ್ದು ಮುಚ್ಚಳ. ಅದು ಧೂಳಿಗಲ್ಲ. ಅದಕ್ಕೇ ಭಾವ ಸ್ಪ್ಯಾನರಿನಲ್ಲಿ ಒಂದು ಚೂರು ತಿರುವುತ್ತಿದ್ದದ್ದು. ನಾನು ಬೆರಳಲ್ಲಿ ಬಿಗಿದೆ. ಟೈಲರಮ್ಮನ ಮನೆಯಲ್ಲಿ, ನರ್ಸಮ್ಮನ ಮನೆಯಲ್ಲಿ, ಇಲ್ಲಿ.

ನೋಡಿ ನೋಡಿಯೇ ಖಾಲಿ ಮಾಡಿದೆ.

ಸ್ಪ್ಯಾನರ್ ತಂದು ಒಂದು ಚೂರು ತಿರುವಿದೆ. ಗುಳ್ಳೆ ನಿಂತಿತು.

ಆದರೂ ಭಾನುವಾರದ ನೊರೆ? ಫೋನಿನ ಮಾತು? ಅದಕ್ಕೆ ಇನ್ನೂ ಉತ್ತರವಿಲ್ಲ. ಹಾಗಂದುಕೊಂಡು ಸ್ವಲ್ಪ ಧೈರ್ಯ ತಂದುಕೊಂಡೆ. ಅವರು ಕಳ್ಳರಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಂಥ ಆಸೆ ಯಾರಿಗೂ ಬರಬಾರದು.

ಡಿಸೆಂಬರ್ 15

ಮಧ್ಯಾಹ್ನ ಭಾವ ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟರು. ಎಲ್ಲಿಗೂ ಹೋಗಲಿಲ್ಲ. ಬೀದಿ ತುದಿಯಲ್ಲಿ ನಿಲ್ಲಿಸಿ, ಕೀಲಿ ತೆಗೆದು ನನ್ನ ಮಡಿಲಲ್ಲಿಟ್ಟರು.

"ಡ್ರೈವಿಂಗ್ ಕಲಿ. ಗಾಡಿ, ಸಾಮಾನು ಎಲ್ಲ ನಿಂಗೇ ಇರ್ಲಿ. ನಾನು ಇನ್ನು ಈ ಕೆಲಸ ಮಾಡಲ್ಲ."

ಯಾಕೆ ಅಂತ ಕೇಳಿದೆ. ಬಲಗೈ ಚಾಚಿದರು. ಹೋದ ಚಳಿಗಾಲದಲ್ಲಿ ಗ್ಯಾಸು ಚಿಮ್ಮಿ ಬೆರಳ ತುದಿ ಸುಟ್ಟಿತ್ತು, ಅದು ನನಗೆ ಗೊತ್ತಿತ್ತು, ವಾಸಿಯಾಯಿತು ಅಂದುಕೊಂಡಿದ್ದೆ.

"ಚಳಿ ಬಿದ್ದ ತಕ್ಷಣ ತುದಿ ಸತ್ತ ಹಾಗೆ ಆಗುತ್ತೆ. ಗುಂಡಿ ಹಾಕೋಕಾಗಲ್ಲ, ನಿಮ್ಮಕ್ಕ ಹಾಕ್ತಾಳೆ. ನಟ್ಟು ಎಷ್ಟು ಬಿಗೀತು ಅಂತ ಬೆರಳು ಹೇಳಬೇಕು, ಹೇಳ್ತಾ ಇಲ್ಲ. ತಡಕಾಡೋದನ್ನ ನೀನು ನೋಡೋದು ಬೇಡ ಅಂತ ವ್ಯಾನಿಗೆ ಕಳಿಸ್ತಿದ್ದೆ. ನಂಬಿಕೆ ಬರದೆ ಭಾನುವಾರ ಹೋಗಿ ನೊರೆ ಹಚ್ಚಿ ನೋಡ್ಕೊಂಡು ಬಂದೆ. ಇವತ್ತಲ್ಲ ನಾಳೆ ಕೈ ಕೈ ಕೊಡುತ್ತೆ ಅಂತ ಗೊತ್ತಿತ್ತು. ಕೊಡ್ತು. ಎರಡು ಮನೆ."

ಫೋನಿನಲ್ಲಿ 'ಅವಳು' ಅಂದದ್ದು ನನ್ನನ್ನು.

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು. "ನೀನು ನನ್ನ ಹಿಂದೇನೇ ಹೋಗಿ ನೋಡ್ತಿದ್ದೆ ಅಂತ ಟೈಲರಮ್ಮ ಹೇಳಿದ್ರು. ನಿಂಗೆ ಆಗಲೇ ಗೊತ್ತಾಗಿತ್ತು, ಅಲ್ವಾ? ಗೊತ್ತಾದ್ರೂ ಒಂದು ಮಾತು ಆಡಲಿಲ್ಲ. ಮರ್ಯಾದೆ ಉಳಿಸಿದೆ ಕಣೇ."

ಹೊರಗೆ ಒಬ್ಬ ಮುದುಕ ನಾಯಿಯನ್ನು ಎಳೆದುಕೊಂಡು ಹೋಗುತ್ತಿದ್ದ. ನಾಯಿ ಬರಲೊಲ್ಲದು. ಅದನ್ನೇ ನೋಡುತ್ತಿದ್ದೆ. ಸುಮ್ಮನಿದ್ದರೆ ಆಗುತ್ತಿತ್ತು. ಕೀಲಿ ಮಡಿಲಲ್ಲೇ ಇತ್ತು.

"ಭಾವ, ನೀವು ಕಳ್ಳ ಅಂದ್ಕೊಂಡಿದ್ದೆ."

"ಏನಂದೆ?"

"ಗ್ಯಾಸ್ ನೀವೇ ಬಿಡ್ತಿದ್ದೀರ ಅಂದ್ಕೊಂಡೆ. ಹಿಡಿಯೋಕೆ ಹೋಗಿದ್ದೆ, ಮರ್ಯಾದೆ ಉಳಿಸೋಕಲ್ಲ. ಓಡ್ತಿರೋ ಯಂತ್ರಕ್ಕೆ ಗೇಜು ಸಿಕ್ಕಿಸಿ ಸಿಕ್ಕಿಸಿ ಪಿನ್ನು ಕೆಡಿಸಿದೆ. ಮುಚ್ಚಳ ಬೆರಳಲ್ಲಿ ಹಾಕಿದೆ. ಸೋರಿದ್ದು ಅಲ್ಲಿ."

ಅವರು ನನ್ನ ಮುಖ ನೋಡಲಿಲ್ಲ. ತಮ್ಮ ಕೈ ನೋಡುತ್ತಿದ್ದರು.

"ಹಾಗಾದ್ರೆ ನಟ್ಟು?"

"ನಟ್ಟು ಸರಿಯಾಗಿತ್ತು."

"ಎರಡೂ ಮನೇದಾ?"

"ಎರಡೂ ಮನೇದು. ನೀವೇ ನೊರೆ ಹಚ್ಚಿದಾಗ ಗುಳ್ಳೆ ಬರಲಿಲ್ವಲ್ಲ. ನಮ್ಮ ಮನೇದೂ. ಚುಕ್ಕೆ ಇಟ್ಟು ನೋಡಿದ್ದೀನಿ."

"ಟಕ್ ಅನ್ನೋ ಸ್ಪ್ಯಾನರ್ ತರೋಕೆ ಮುಂಚೆ ಬಿಗಿದಿದ್ದು?"

"ಅದೂ ಸರಿಯಾಗೇ ಇತ್ತು ಭಾವ."

ಭಾವ ಕೈ ಚಾಚಿ ನನ್ನ ಮಡಿಲಿಂದ ಕೀಲಿ ತೆಗೆದುಕೊಂಡರು. ಹಾಕಲು ಹೋದಾಗ ಎರಡು ಸಲ ತಪ್ಪಿತು, ನಾನು ಸಹಾಯ ಮಾಡಲಿಲ್ಲ. ಮೂರನೆಯ ಸಲ ಕೂತಿತು.

"ಕಳ್ಳ ಅಂತೆ" ಅಂದರು.

ಡಿಸೆಂಬರ್ 16

ಭಾವ ಮಾತಾಡಿಸಲಿಲ್ಲ. ಅಕ್ಕನಿಗೆ ನಾನೇ ಎಲ್ಲ ಹೇಳಿದೆ, ಅವಳನ್ನೂ ಅನುಮಾನಿಸಿದ್ದನ್ನು ಸೇರಿಸಿ. ಅವಳು ನೇಲ್ ಪಾಲಿಶ್ ಸೀಸೆಯನ್ನು ಅಲ್ಲಾಡಿಸಿ, ತಳದಲ್ಲಿ ಉಳಿದದ್ದನ್ನು ನೋಡಿ, "ನಾನು ಇನ್ನೇನೋ ಅಂದ್ಕೊಂಡಿದ್ದೆ" ಅಂತ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಡಿಸೆಂಬರ್ 18

ಟೈಲರಮ್ಮನ ಮನೆಗೆ ಹೋದೆವು. ಬಾಗಿಲಲ್ಲಿ ಭಾವ ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಂತರು. ಹೇಳಿದೆ. ಟೈಲರಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು, "ಹೊಲಿಗೆ ಗಟ್ಟಿ ಇದ್ಯಾ ಅಂತ ದಿನಾ ಎಳೆದು ನೋಡಿದ್ರೆ ಯಾವ ಬಟ್ಟೆ ತಡೆಯುತ್ತಮ್ಮ?" ಅಂದರು. ಆಮೇಲೆ ಭಾವನ ಕಡೆ ತಿರುಗಿ, "ನೀವು ಆವತ್ತು ಅತ್ತೇ ಬಿಡ್ತೀರ ಅಂದ್ಕೊಂಡೆ" ಅಂದರು.

ಪಿನ್ನು ಬದಲಿಸಿದೆವು. ಸಣ್ಣ ಪಿನ್ನು, ಸತ್ತ ಬೆರಳಿಗೆ ಸಿಗದು. ನಾನು ಹಿಡಿದು ಕೂರಿಸಿದೆ. ಮುಚ್ಚಳ ಭಾವ ಹಾಕಿ, ಹಳೆಯ ಸ್ಪ್ಯಾನರಿನಲ್ಲೇ ಒಂದು ಚೂರು ತಿರುವಿದರು. ಟಕ್ ಅನ್ನುವುದು ಪೆಟ್ಟಿಗೆಯಲ್ಲೇ ಇತ್ತು. ಈ ಸಲ ನನ್ನನ್ನು ವ್ಯಾನಿಗೆ ಕಳಿಸಲಿಲ್ಲ. ಬೆರಳು ಜಾರಿದ್ದನ್ನೂ, ಮತ್ತೆ ಹಿಡಿದದ್ದನ್ನೂ ನೋಡಿದೆ.

"ನೋಡ್ತೀಯಾ ಇನ್‌ಸ್ಪೆಕ್ಟರಮ್ಮ?" ಗೇಜನ್ನು ನನ್ನ ಕಡೆ ಚಾಚಿದರು. ಮೂರು ದಿನದ ನಂತರ ಆಡಿದ ಮೊದಲ ಮಾತು.

"ಬೇಡ" ಅಂದೆ.

ಡಿಸೆಂಬರ್ 22

ಭಾನುವಾರ. ಭಾವ ಕಟಿಂಗ್ ಮಾಡಿಸ್ಕೊಂಡು ಬರ್ತೀನಿ ಅಂತ ಹೋದವರು ಕೂದಲು ಹಾಗೇ ಇಟ್ಟುಕೊಂಡು ಬಂದರು. ಅಂಗಡಿ ಮುಚ್ಚಿತ್ತಂತೆ.

ಮುಚ್ಚಿರಬಹುದು.